ಬೀದರ್–ಕಾರವಾರ: ನೇರ ಹಾರಿದರೆ ಐನೂರು ಕಿಲೋಮೀಟರ್

ಇಡೀ ರಾಜ್ಯ ಎನ್ನಬೇಕಾದಾಗ ನಮ್ಮವರು ‘ಬೀದರ್‌ನಿಂದ ಚಾಮರಾಜನಗರದವರೆಗೆ’ ಎನ್ನುತ್ತಾರೆ. ರಾಜಕಾರಣಿಗಳ ಭಾಷಣಕ್ಕೆ ಅದು ಚೆನ್ನಾಗಿಯೇ ಒಗ್ಗಿದೆ. ನಕ್ಷೆಯ ಮೇಲೆ ಗೆರೆ ಎಳೆದರೂ ಆ ಎರಡು ಊರುಗಳ ನಡುವೆ ಸುಮಾರು 670 ಕಿ.ಮೀ. ಸಿಗುತ್ತದೆ. ಆದರೆ ಬೀದರ್‌ನಲ್ಲಿ ಮನೆಯಿದ್ದು ಕಾರವಾರಕ್ಕೆ ವರ್ಗವಾದ ಸರ್ಕಾರಿ ನೌಕರರನ್ನು ಕೇಳಿ ನೋಡಿ. ಅವರ ಲೆಕ್ಕದಲ್ಲಿ ರಾಜ್ಯದ ಅತಿ ದೂರದ ಜೋಡಿ ಅದೇ. ಚಾಮರಾಜನಗರಕ್ಕೆ ಹೋಗುವವರಿಗೆ ದಾರಿಯಲ್ಲಿ ಬೆಂಗಳೂರು ಸಿಗುತ್ತದೆ, ರೈಲು ಸಿಗುತ್ತದೆ, ಬಸ್ಸುಗಳು ಸಾಲುಗಟ್ಟಿ ನಿಂತಿರುತ್ತವೆ. ಬೀದರ್‌ನಿಂದ ಕಾರವಾರಕ್ಕೆ ಗೆರೆ ಎಳೆದರೆ ಬರೀ 500 ಕಿ.ಮೀ., ಆ ಗೆರೆಯ ಮೇಲೆ ಮಾತ್ರ ಏನೂ ಓಡುವುದಿಲ್ಲ.

ಮೊಬೈಲಿನಲ್ಲಿ ಯಾವುದೇ ಎರಡು ಊರಿನ ಹೆಸರು ಹಾಕಿ ‘ದೂರ ಎಷ್ಟು, ವಿಮಾನದಲ್ಲಿ ಎಷ್ಟು ಹೊತ್ತು’ ಎಂದು ಕೇಳಿದರೆ ಅರೆಕ್ಷಣದಲ್ಲಿ ಉತ್ತರ ಬರುತ್ತದೆ. ಬೀದರ್–ಕಾರವಾರ ಎಂದು ಕೇಳಿದರೂ ಬರುತ್ತದೆ: ಸುಮಾರು 500 ಕಿ.ಮೀ., ಒಂದು ಗಂಟೆ ಏಳು ನಿಮಿಷವೋ ಅದರ ಆಸುಪಾಸೋ. ಕಾರವಾರದಲ್ಲಿ ನಾಗರಿಕ ವಿಮಾನ ನಿಲ್ದಾಣವೇ ಇಲ್ಲ. ಹಾಗಿದ್ದೂ ಏಳು ನಿಮಿಷದವರೆಗಿನ ಈ ನಿಖರತೆ ಎಲ್ಲಿಂದ ಬಂತು? ಇದನ್ನು ಬಿಡಿಸಿ ನೋಡಿದರೆ ಇಂಥ ಅಂಕಿಗಳನ್ನು ಎಲ್ಲಿ ನಂಬಬೇಕು, ಎಲ್ಲಿ ಬಿಡಬೇಕು ಎಂಬುದು ತಿಳಿಯುತ್ತದೆ.

ದೂರದ ಲೆಕ್ಕ

ಮೊದಲು ದೂರ. ಕಂಪ್ಯೂಟರು ಇಲ್ಲಿ ರಸ್ತೆಯನ್ನೂ ನೋಡುವುದಿಲ್ಲ, ವಿಮಾನವನ್ನೂ ನೋಡುವುದಿಲ್ಲ. ಅದಕ್ಕೆ ಬೇಕಿರುವುದು ಎರಡೂ ಊರುಗಳ ಅಕ್ಷಾಂಶ, ರೇಖಾಂಶ ಮಾತ್ರ. ಬೀದರ್ 17.91 ಡಿಗ್ರಿ ಉತ್ತರ, 77.53 ಡಿಗ್ರಿ ಪೂರ್ವ. ಕಾರವಾರ 14.81 ಉತ್ತರ, 74.13 ಪೂರ್ವ. ಇಷ್ಟು ಗೊತ್ತಿದ್ದರೆ ಹೈಸ್ಕೂಲಿನ ಗಣಿತದಲ್ಲಿ ನಾವೇ ದೂರ ತೆಗೆಯಬಹುದು.

ಅಕ್ಷಾಂಶದ ವ್ಯತ್ಯಾಸ 3.1 ಡಿಗ್ರಿ. ಭೂಮಿಯ ಮೇಲೆ ಎಲ್ಲೇ ಆಗಲಿ ಅಕ್ಷಾಂಶದ ಒಂದು ಡಿಗ್ರಿ ಎಂದರೆ ಸುಮಾರು 111 ಕಿ.ಮೀ. ಹಾಗಾಗಿ ಕಾರವಾರ ಬೀದರ್‌ಗಿಂತ 344 ಕಿ.ಮೀ. ದಕ್ಷಿಣಕ್ಕಿದೆ. ರೇಖಾಂಶದ ವ್ಯತ್ಯಾಸ 3.4 ಡಿಗ್ರಿ. ರೇಖಾಂಶದ ಡಿಗ್ರಿ ಮಾತ್ರ ಎಲ್ಲೆಡೆ ಒಂದೇ ಅಳತೆಯಲ್ಲ. ಸಮಭಾಜಕದ ಮೇಲೆ 111 ಕಿ.ಮೀ. ಇರುವುದು ಧ್ರುವದ ಕಡೆ ಹೋದಂತೆ ಕಿರಿದಾಗುತ್ತದೆ. ನಮ್ಮ ಈ ಎರಡು ಊರುಗಳ ನಡುವಿನ ಪಟ್ಟಿಯಲ್ಲಿ ಅದು ಸುಮಾರು 107 ಕಿ.ಮೀ. ಅಂದರೆ ಕಾರವಾರ 364 ಕಿ.ಮೀ. ಪಶ್ಚಿಮಕ್ಕಿದೆ. ಇನ್ನು ಪೈಥಾಗೊರಸ್: 344ರ ವರ್ಗ, 364ರ ವರ್ಗ, ಎರಡನ್ನೂ ಕೂಡಿ ವರ್ಗಮೂಲ ತೆಗೆದರೆ 501. ಗೋಳದ ಜ್ಯಾಮಿತಿಯ ದೊಡ್ಡ ಸೂತ್ರ ಹಾಕಿದರೂ ಉತ್ತರ 500ರ ಸುತ್ತಲೇ ನಿಲ್ಲುತ್ತದೆ. ರಾಜ್ಯದೊಳಗಿನ ದೂರಗಳಿಗೆ ಭೂಮಿ ದುಂಡಗಿದೆ ಎಂಬುದನ್ನು ಮರೆತರೂ ನಡೆಯುತ್ತದೆ.

ದೂರ ಹೆಚ್ಚಾದಾಗ, ಅಥವಾ ಧ್ರುವದ ಹತ್ತಿರ ಹೋದಾಗ ಹಾಗೆ ಮರೆಯುವಂತಿಲ್ಲ. ಅಲಾಸ್ಕದ ಉತ್ತರ ತುದಿಯ ಉತ್ಕಿಯಾಗ್ವಿಕ್‌ನಲ್ಲಿ, 71 ಡಿಗ್ರಿ ಅಕ್ಷಾಂಶದಲ್ಲಿ, ರೇಖಾಂಶದ ಒಂದು ಡಿಗ್ರಿ ಬರೀ 36 ಕಿ.ಮೀ. ಇನ್ನು ಬೆಂಗಳೂರು–ಸ್ಯಾನ್‌ ಫ್ರಾನ್ಸಿಸ್ಕೊ ದಾರಿ. 2021ರ ಜನವರಿಯಲ್ಲಿ ಏರ್ ಇಂಡಿಯಾ ಈ ನೇರ ಹಾರಾಟ ಆರಂಭಿಸಿದಾಗ ಮೊದಲ ವಿಮಾನ ನಡೆಸಿದವರು ಮಹಿಳಾ ಪೈಲಟ್‌ಗಳು, ಹಾರಿದ್ದು ಉತ್ತರ ಧ್ರುವದ ಮೇಲೆ, ದೂರ ಸುಮಾರು 14,000 ಕಿ.ಮೀ. ಗೋಡೆಗೆ ತೂಗುಹಾಕಿದ ನಕ್ಷೆಯಲ್ಲಿ ಇದು ಹುಚ್ಚು ಸುತ್ತು ಎನ್ನಿಸುತ್ತದೆ. ಮೇಜಿನ ಮೇಲಿನ ಭೂಗೋಳಕ್ಕೆ ಒಂದು ದಾರ ಬಿಗಿಹಿಡಿದು ನೋಡಿ, ಅದು ತಾನಾಗಿ ಮೇಲಕ್ಕೆ ಸರಿದು ಧ್ರುವದ ಪಕ್ಕಕ್ಕೆ ಹೋಗುತ್ತದೆ. ಆ ದಾರದ ಉದ್ದವೇ ಎರಡು ಊರುಗಳ ನಡುವಿನ ಅತಿ ಕಡಿಮೆ ದೂರ. ದೂರ ಹೇಳುವ ಜಾಲಪುಟಗಳೆಲ್ಲ ಕೊಡುವುದು ಇದನ್ನೇ.

ಈ ಅಂಕಿಯಲ್ಲಿ ಎಡವಲು ಎರಡು ಜಾಗಗಳಿವೆ. ಒಂದು, ಮೈಲಿ. 500 ಕಿ.ಮೀ. ಎಂದರೆ ರಸ್ತೆಯ ಲೆಕ್ಕದಲ್ಲಿ 311 ಮೈಲಿ, ಪೈಲಟ್‌ಗಳು ಬಳಸುವ ನಾಟಿಕಲ್ ಮೈಲಿಯಲ್ಲಿ 270. ಬರೀ ‘ಮೈಲಿ’ ಎಂದಿದ್ದರೆ ಯಾವ ಮೈಲಿ ಎಂದು ನೋಡಿಕೊಳ್ಳಬೇಕು. ಇನ್ನೊಂದು, ಊರಿನ ಹೆಸರು. ಬಿಲಾಸ್‌ಪುರ ಛತ್ತೀಸಗಡದಲ್ಲೂ ಇದೆ, ಹಿಮಾಚಲದಲ್ಲೂ ಇದೆ. ಔರಂಗಾಬಾದ್ ಬಿಹಾರದಲ್ಲೂ ಇದೆ. ನಮ್ಮಲ್ಲಂತೂ ಹೊಸಹಳ್ಳಿ, ರಾಂಪುರಗಳಿಗೆ ಲೆಕ್ಕವಿಲ್ಲ. ಸಣ್ಣ ಊರಿನ ಹೆಸರು ಹಾಕಿದಾಗ ನಕ್ಷೆಯ ಗುರುತು ಸರಿಯಾದ ಜಿಲ್ಲೆಯಲ್ಲಿ ನಿಂತಿದೆಯೇ ಎಂದು ಒಮ್ಮೆ ನೋಡುವುದು ಒಳ್ಳೆಯದು.

ಹಾರುವ ಹೊತ್ತು

ಈಗ ಆ ‘ಒಂದು ಗಂಟೆ ಏಳು ನಿಮಿಷ’. ಇದರ ಹಿಂದೆ ಯಾವ ವೇಳಾಪಟ್ಟಿಯೂ ಇಲ್ಲ. ಜೆಟ್ ವಿಮಾನ ಸರಾಸರಿ ಗಂಟೆಗೆ 500 ಮೈಲಿ, ಅಂದರೆ 805 ಕಿ.ಮೀ. ಹಾರುತ್ತದೆ ಎಂದಿಟ್ಟುಕೊಂಡು ದೂರವನ್ನು ಭಾಗಿಸುವುದು, ಏರುವುದಕ್ಕೂ ಇಳಿಯುವುದಕ್ಕೂ ಸೇರಿ ಅರ್ಧ ಗಂಟೆ ಕೂಡುವುದು, ಇಷ್ಟೇ. 311 ಮೈಲಿಯನ್ನು 500ರಿಂದ ಭಾಗಿಸಿದರೆ 37 ನಿಮಿಷ, ಅರ್ಧ ಗಂಟೆ ಕೂಡಿದರೆ 67 ನಿಮಿಷ. ಅರ್ಧ ಗಂಟೆ ಕೂಡದ ಪುಟಗಳೂ ಇವೆ, ಅವುಗಳ ಪ್ರಕಾರ ಬೀದರ್‌ನಿಂದ ಕಾರವಾರಕ್ಕೆ 35–40 ನಿಮಿಷ ಸಾಕು! ಅಂಥ ಅಂಕಿಯನ್ನು ಕಂಡ ಕೂಡಲೇ ಬದಿಗಿಡಬಹುದು.

ಯಾಕೆಂದರೆ 500 ಕಿ.ಮೀ. ಹಾರಾಟದಲ್ಲಿ ಜೆಟ್ ವಿಮಾನಕ್ಕೆ ತನ್ನ ಪೂರ್ತಿ ವೇಗ ತೋರಿಸಲು ಪುರಸೊತ್ತೇ ಸಿಗುವುದಿಲ್ಲ. ಮೂವತ್ತು ಸಾವಿರ ಅಡಿಗೆ ಏರಲು ಅದಕ್ಕೆ ಇಪ್ಪತ್ತು ನಿಮಿಷದಷ್ಟು ಬೇಕು, ಅಷ್ಟರಲ್ಲಿ ಇನ್ನೂರು ಕಿಲೋಮೀಟರಿನ ಹತ್ತಿರ ದಾಟಿರುತ್ತದೆ. ಇಳಿಯುವುದಕ್ಕೆ ಪೈಲಟ್‌ಗಳಲ್ಲಿ ಒಂದು ಸರಳ ಲೆಕ್ಕವಿದೆ: ಪ್ರತಿ ಸಾವಿರ ಅಡಿಗೆ ಮೂರು ನಾಟಿಕಲ್ ಮೈಲಿ. ಮೂವತ್ತು ಸಾವಿರ ಅಡಿಯಿಂದ ಇಳಿಯಬೇಕಾದರೆ 90 ನಾಟಿಕಲ್ ಮೈಲಿ, ಅಂದರೆ 167 ಕಿ.ಮೀ. ಮೊದಲೇ ಇಳಿಯತೊಡಗಬೇಕು. ಉಳಿದದ್ದು ಎಷ್ಟು? ಹೆಚ್ಚೆಂದರೆ ನೂರೈವತ್ತು ಕಿಲೋಮೀಟರ್, ಹತ್ತು ಹನ್ನೆರಡು ನಿಮಿಷ. ಚಹಾ ಕೊಟ್ಟು ಕಪ್ಪು ವಾಪಸು ತೆಗೆದುಕೊಳ್ಳುವಷ್ಟರಲ್ಲಿ ‘ಸೀಟ್ ಬೆಲ್ಟ್ ಕಟ್ಟಿಕೊಳ್ಳಿ’ ಎಂಬ ದನಿ ಬರುವುದು ಇದಕ್ಕೇ.

ಸಣ್ಣ ಊರುಗಳಿಗೆ ಬರುವುದು ಹೆಚ್ಚಾಗಿ ಎಟಿಆರ್ ಜಾತಿಯ ಪಂಖದ ವಿಮಾನ. ಅದರ ವೇಗ ಗಂಟೆಗೆ 500 ಕಿ.ಮೀ. ಸುಮಾರು. ಜೆಟ್‌ನಷ್ಟು ಎತ್ತರಕ್ಕೆ ಅದು ಏರುವುದಿಲ್ಲ, ಹಾಗಾಗಿ ಏರಿಳಿತಕ್ಕೆ ಅಷ್ಟು ಹೊತ್ತೂ ಹೋಗುವುದಿಲ್ಲ. 800 ಕಿ.ಮೀ. ವೇಗದ ಜೆಟ್ ಮತ್ತು 500 ಕಿ.ಮೀ. ವೇಗದ ಎಟಿಆರ್ ಇಷ್ಟು ದೂರದ ಓಟಕ್ಕೆ ಇಳಿದರೆ ಕೊನೆಯಲ್ಲಿ ಉಳಿಯುವ ಅಂತರ ಹತ್ತು ಹದಿನೈದು ನಿಮಿಷ ಮಾತ್ರ. ಎಟಿಆರ್ ಡೀಸಲ್ ಬಸ್ಸಿನಂತೆ ಮಿತವ್ಯಯಿ. ಸಣ್ಣ ದೂರಕ್ಕೆ ವಿಮಾನ ಕಂಪನಿಗಳು ಅದನ್ನು ಆರಿಸುವುದರಲ್ಲಿ ಅರ್ಥವಿದೆ.

ಇದರ ಮೇಲೆ ಗಾಳಿ. ವಿಮಾನದ ವೇಗ ಗಾಳಿಗೆ ಹೋಲಿಸಿದ್ದು, ನಮಗೆ ಬೇಕಾದದ್ದು ನೆಲಕ್ಕೆ ಹೋಲಿಸಿದ್ದು. ಎಟಿಆರ್‌ಗೆ ಎದುರಿನಿಂದ ಗಂಟೆಗೆ 50 ಕಿ.ಮೀ. ಗಾಳಿ ಬೀಸಿದರೆ 500 ಕಿ.ಮೀ. ಕ್ರಮಿಸಲು 67 ನಿಮಿಷ ಬೇಕು, ಅದೇ ಗಾಳಿ ಬೆನ್ನಿಗಿದ್ದರೆ 55 ನಿಮಿಷ ಸಾಕು. ಮುಂಗಾರಿನಲ್ಲಿ ನಮ್ಮ ಕಡೆ ಒಂದು ವಿಚಿತ್ರವಿದೆ. ಕೆಳಗೆ ಮಳೆ ತರುವ ಗಾಳಿ ಪಶ್ಚಿಮದಿಂದ ಬೀಸುತ್ತದೆ, ತೀರ ಮೇಲೆ, ದೊಡ್ಡ ಜೆಟ್‌ಗಳು ಹಾರುವ ಎತ್ತರ ದಾಟಿದಂತೆ, ಪೂರ್ವದಿಂದ ಬಲವಾದ ಗಾಳಿ ಓಡುತ್ತಿರುತ್ತದೆ. ಪಶ್ಚಿಮಕ್ಕೆ ಹೋಗುವ ವಿಮಾನಕ್ಕೆ ಕೆಳಗೆ ತಡೆ, ಮೇಲೆ ನೂಕು.

ವಿಮಾನವೂ ದಾರದಂತೆ ನೇರ ಹೋಗುವುದಿಲ್ಲ. ಗುರುತಿನ ಬಿಂದುಗಳ ಮೇಲೆ ಹಾಯ್ದು, ವಾಯುಪಡೆ, ನೌಕಾಪಡೆಗಳ ಆಕಾಶವನ್ನು ತಪ್ಪಿಸಿ, ಗಾಳಿಗೆ ಎದುರಾಗಿ ಇಳಿಯಲು ರನ್‌ವೇಯ ಇನ್ನೊಂದು ತುದಿಗೆ ಸುತ್ತಿ ಹೋಗಬೇಕಾಗುತ್ತದೆ. ಬೀದರ್‌ನದು ವಾಯುಪಡೆಯ ತರಬೇತಿ ನೆಲೆ, ಗೋವಾದ ದಾಬೋಲಿಂ ನೌಕಾಪಡೆಯ ನೆಲೆ, ಕಾರವಾರದ ಕಡಲ ತೀರದಲ್ಲಿರುವುದು ಕದಂಬ ನೌಕಾನೆಲೆ. ಈ ಗೆರೆಯ ಎರಡೂ ತುದಿಯಲ್ಲಿ ಸೇನೆ ಕೂತಿದೆ. ಟಿಕೆಟಿನ ಮೇಲೆ ಮುದ್ರಿಸುವ ಹೊತ್ತು ವಿಮಾನ ನಿಂತಲ್ಲಿಂದ ಕದಲಿದ ಕ್ಷಣದಿಂದ ಅಲ್ಲಿ ಹೋಗಿ ನಿಲ್ಲುವ ಕ್ಷಣದವರೆಗಿನದು. ರನ್‌ವೇವರೆಗೆ ತೆವಳುವುದು, ಸರದಿಯಲ್ಲಿ ಕಾಯುವುದು ಅದರಲ್ಲೇ ಸೇರಿರುತ್ತದೆ. ಇಷ್ಟೆಲ್ಲ ಕೂಡಿ ಕಳೆದರೆ ಐನೂರು ಕಿ.ಮೀ.ಗೆ ಒಂದು ಗಂಟೆ ಹತ್ತು ನಿಮಿಷದಿಂದ ಒಂದೂವರೆ ಗಂಟೆ. ಹಾಗೆ ನೋಡಿದರೆ ಆ 67 ನಿಮಿಷದ ಒರಟು ಸೂತ್ರ ಅಷ್ಟೇನೂ ತಪ್ಪು ಹೇಳಿಲ್ಲ. ವಿಮಾನ ಇದ್ದಿದ್ದರೆ ಹತ್ತಿರಹತ್ತಿರ ಅಷ್ಟೇ ಹೊತ್ತು ಹಿಡಿಯುತ್ತಿತ್ತು.

ಇಲ್ಲದ ವಿಮಾನ

ವಿಮಾನ ಯಾಕಿಲ್ಲ ಎಂಬುದಕ್ಕೂ ಕಾರಣಗಳಿವೆ. ಬೀದರ್ ವಿಮಾನ ನಿಲ್ದಾಣದಲ್ಲಿ ರನ್‌ವೇ ಮೊದಲಿನಿಂದಲೂ ಇತ್ತು, ಅದು ವಾಯುಪಡೆಯದು. ನಾಗರಿಕ ವಿಮಾನ ಇಳಿಸಲು ಅಡ್ಡಿಯಾಗಿದ್ದದ್ದು ಹೈದರಾಬಾದಿನ ವಿಮಾನ ನಿಲ್ದಾಣದೊಂದಿಗೆ ಆಗಿದ್ದ ಒಪ್ಪಂದ. ಅದರಿಂದ 150 ಕಿ.ಮೀ. ಒಳಗೆ ಇನ್ನೊಂದು ನಿಲ್ದಾಣ ಬೇಡ ಎಂಬ ಷರತ್ತು. ಆ ನಿಲ್ದಾಣವಿರುವ ಶಂಶಾಬಾದಿನಿಂದ ಬೀದರ್‌ಗೆ ನೇರ ದೂರ 120 ಕಿ.ಮೀ. ಸುಮಾರು. ಆ ತೊಡಕು ಬಗೆಹರಿದು 2020ರ ಫೆಬ್ರುವರಿಯಲ್ಲಿ ‘ಉಡಾನ್’ ಯೋಜನೆಯಡಿ ಬೆಂಗಳೂರಿಗೆ ವಿಮಾನ ಶುರುವಾಯಿತು. ಆ ಯೋಜನೆಯ ಅಳತೆಗೋಲೂ 500 ಕಿಲೋಮೀಟರೇ ಎಂಬುದು ಸೋಜಿಗ: ಸುಮಾರು 500 ಕಿ.ಮೀ., ಒಂದು ಗಂಟೆಯ ಹಾರಾಟಕ್ಕೆ ರಿಯಾಯಿತಿ ಸೀಟಿನ ದರ 2,500 ರೂಪಾಯಿ ಮೀರಬಾರದು ಎಂದು ಆರಂಭದಲ್ಲಿ ಗೊತ್ತುಮಾಡಿದ್ದರು. ಕಂಪನಿಗೆ ಬೀಳುವ ನಷ್ಟವನ್ನು ಸರ್ಕಾರ ತುಂಬಿಕೊಡುವುದು ಮೂರು ವರ್ಷ. ಆಮೇಲೆ ಸೀಟು ತುಂಬಿದರೆ ವಿಮಾನ, ಇಲ್ಲವಾದರೆ ಇಲ್ಲ. ಬೀದರ್‌ನ ಸೇವೆ ನಡುವೆ ನಿಂತುಹೋಗಿ 2025ರ ಏಪ್ರಿಲ್‌ನಲ್ಲಿ ಮತ್ತೆ ಆರಂಭವಾಯಿತು. ಸಣ್ಣ ಊರಿನ ವಿಮಾನದ ಹಣೆಬರಹವೇ ಹೀಗೆ.

ಕಾರವಾರದ ಕತೆ ಬೇರೆ. ಅಂಕೋಲಾ ಬಳಿಯ ಅಲಗೇರಿಯಲ್ಲಿ ನೌಕಾಪಡೆಯ ವಿಮಾನ ನೆಲೆಯ ಜೊತೆಗೆ ನಾಗರಿಕ ವಿಮಾನಗಳಿಗೂ ಜಾಗ ಕೊಡುವ ಯೋಜನೆಯಿದೆ. ಅಲ್ಲಿಯವರೆಗೆ ಕಾರವಾರದವರಿಗೆ ಹತ್ತಿರದ ವಿಮಾನ ನಿಲ್ದಾಣ ಪಕ್ಕದ ರಾಜ್ಯದ ದಾಬೋಲಿಂ, ರಸ್ತೆಯಲ್ಲಿ 90 ಕಿ.ಮೀ. ಸುಮಾರು. ನಮ್ಮದೇ ಹುಬ್ಬಳ್ಳಿ ಘಟ್ಟದ ಮೇಲೆ, 165 ಕಿ.ಮೀ.

ಆದ್ದರಿಂದ ವಿಮಾನದಲ್ಲೇ ಹೋಗುತ್ತೇನೆ ಎನ್ನುವ ಬೀದರ್‌ನವರು ಮೊದಲು ಬೆಂಗಳೂರಿಗೆ 525 ಕಿ.ಮೀ. ತೆಂಕಣಕ್ಕೆ ಹಾರಬೇಕು, ಅಲ್ಲಿಂದ ಗೋವಾಕ್ಕೆ 480 ಕಿ.ಮೀ. ವಾಯವ್ಯಕ್ಕೆ. ಆಕಾಶದಲ್ಲೇ ಸಾವಿರ ಕಿಲೋಮೀಟರ್ ಆಯಿತು, ನೇರ ದೂರದ ಎರಡು ಪಟ್ಟು. ಮತ್ತೆ 90 ಕಿ.ಮೀ. ಟ್ಯಾಕ್ಸಿ. ಹೊತ್ತಿನ ಲೆಕ್ಕ ಹೀಗೆ ಬರುತ್ತದೆ: ಮನೆ ಬಿಟ್ಟು ವಿಮಾನ ಏರುವವರೆಗೆ ಎರಡು ಗಂಟೆ, ಎರಡು ಹಾರಾಟ ಸೇರಿ ಎರಡೂವರೆ ಗಂಟೆ, ಬೆಂಗಳೂರಿನಲ್ಲಿ ಕಾಯುವುದು ಕನಿಷ್ಠ ಎರಡು ಮೂರು ಗಂಟೆ, ಗೋವಾದಲ್ಲಿ ಬ್ಯಾಗು ಸಿಕ್ಕಿ ಹೊರಬಂದು ಕಾರವಾರ ಸೇರಲು ಎರಡೂವರೆ ಗಂಟೆ. ಒಟ್ಟು ಒಂಬತ್ತರಿಂದ ಹತ್ತು ಗಂಟೆ. ಎರಡೂ ವಿಮಾನಗಳ ವೇಳೆ ಒಂದಕ್ಕೊಂದು ಹೊಂದಿದರೆ ಮಾತ್ರ ಈ ಮಾತು. ದಾಬೋಲಿಂನಲ್ಲಿ ವಾರದ ದಿನಗಳಲ್ಲಿ ಬೆಳಗಿನ ಕೆಲವು ಗಂಟೆ ನೌಕಾಪಡೆಯ ತರಬೇತಿಗೆ ಮೀಸಲು. ಟಿಕೆಟ್ ಹುಡುಕುವಾಗ ಗೋವಾದ ಎರಡನೇ ವಿಮಾನ ನಿಲ್ದಾಣ ಮೋಪಾ ಎದುರಾದರೆ ಎಚ್ಚರ, ಅದು ಗೋವಾದ ಉತ್ತರ ತುದಿಯಲ್ಲಿದೆ. ಅಲ್ಲಿ ಇಳಿದವರು ಇಡೀ ಗೋವಾ ದಾಟಿ ಕಾರವಾರಕ್ಕೆ ಬರಬೇಕು.

ಬೀದರ್‌ನವರು ಹಿಡಿಯಬಹುದಾದ ಇನ್ನೊಂದು ದಾರಿ ಹೈದರಾಬಾದ್. ರಸ್ತೆಯಲ್ಲಿ ಮೂರು ಗಂಟೆ, ಅಲ್ಲಿಂದ ಗೋವಾಕ್ಕೆ ಒಂದೂಕಾಲು ಗಂಟೆಯ ನೇರ ವಿಮಾನ. ವಿಮಾನ ಬದಲಿಸುವ ಗೋಜಿಲ್ಲ, ದಿನಕ್ಕೆ ಆಯ್ಕೆಗಳೂ ಹೆಚ್ಚು. ನನ್ನ ಮಟ್ಟಿಗೆ ಬೆಂಗಳೂರು ಸುತ್ತುವುದಕ್ಕಿಂತ ಇದೇ ವಾಸಿ. ಬೆಂಗಳೂರಿನಲ್ಲಿ ಒಂದು ಹಗಲಿನ ಕೆಲಸವಿದ್ದವರಿಗೆ ಮಾತ್ರ ಮತ್ತೊಂದು ಉಪಾಯವಿದೆ: ಬೆಳಗಿನ ವಿಮಾನದಲ್ಲಿ ಬಂದು ಕೆಲಸ ಮುಗಿಸಿ, ಸಂಜೆ ಹೊರಡುವ ಪಂಚಗಂಗಾ ಎಕ್ಸ್‌ಪ್ರೆಸ್ ಹಿಡಿದರೆ ಮರುದಿನ ಬೆಳಿಗ್ಗೆ ಕಾರವಾರ.

ದೂರದ ಊರುಗಳ ಪಾಡು ಎಲ್ಲೆಡೆ ಹೀಗೇ. ಮೇಲೆ ಹೇಳಿದ ಉತ್ಕಿಯಾಗ್ವಿಕ್‌ಗೂ ಅದೇ ಅಲಾಸ್ಕದ ನೋಮ್‌ಗೂ ನಡುವೆ ನೇರ ದೂರ 835 ಕಿ.ಮೀ. ಎರಡೂ ಊರಿಗೆ ಹೊರಗಿನಿಂದ ರಸ್ತೆಯೇ ಇಲ್ಲ. ಒಂದರಿಂದ ಇನ್ನೊಂದಕ್ಕೆ ಹೋಗಬೇಕಾದರೆ ಮಾಮೂಲು ದಾರಿ ದಕ್ಷಿಣದ ಆಂಕರೇಜ್ ಮೂಲಕ, ಎರಡು ಸಾವಿರ ಕಿಲೋಮೀಟರ್. ಪುಣ್ಯಕ್ಕೆ ನಮಗೆ ಬಸ್ಸಿದೆ.

ಬಸ್ಸಿನ ದಾರಿ ನೋಡೋಣ. ಬೀದರ್‌ನಿಂದ ಹುಮನಾಬಾದ್, ಕಲಬುರಗಿ, ಜೇವರ್ಗಿ, ಸಿಂದಗಿ ಮೇಲೆ ವಿಜಯಪುರಕ್ಕೆ 50ನೇ ರಾಷ್ಟ್ರೀಯ ಹೆದ್ದಾರಿ. ವಿಜಯಪುರದಿಂದ ಹುಬ್ಬಳ್ಳಿ, ಯಲ್ಲಾಪುರ ದಾಟಿ ಅಂಕೋಲಾಕ್ಕೆ 52ನೆಯದು, ಪಂಜಾಬಿನಿಂದ ಹೊರಟು ಬರುವ ಈ ಹೆದ್ದಾರಿ ಮುಗಿಯುವುದೇ ಅಂಕೋಲಾದಲ್ಲಿ. ಅಲ್ಲಿಂದ ಕಾರವಾರಕ್ಕೆ ಕರಾವಳಿಯ 66. ಒಟ್ಟು 640 ಕಿ.ಮೀ. ಸುಮಾರು, ಅಂದರೆ ನೇರ ಗೆರೆಗಿಂತ ಶೇ 28ರಷ್ಟು ಹೆಚ್ಚು. ನಮ್ಮ ರಸ್ತೆಗಳಲ್ಲಿ ನೇರ ದೂರಕ್ಕೆ ಕಾಲು ಭಾಗದಿಂದ ಮೂರನೇ ಒಂದು ಭಾಗ ಸೇರಿಸಿಕೊಂಡರೆ ಸಾಮಾನ್ಯವಾಗಿ ಲೆಕ್ಕ ಕೂಡುತ್ತದೆ, ಘಟ್ಟವಿದ್ದರೆ ಇನ್ನೂ ಸ್ವಲ್ಪ. ದೂರಕ್ಕಿಂತ ಇಲ್ಲಿ ಕಾಡುವುದು ವೇಗದ ಅಸಮತೋಲ. ಬಯಲುಸೀಮೆಯಲ್ಲಿ ಗಂಟೆಗೆ ಅರವತ್ತು ಓಡುವ ಬಸ್ಸು ಯಲ್ಲಾಪುರ ದಾಟಿ ಅರಬೈಲ್ ಘಟ್ಟಕ್ಕೆ ಬಂದ ಮೇಲೆ ಲಾರಿಗಳ ಹಿಂದೆ ಸಾಗಬೇಕು. ಮಳೆಗಾಲದಲ್ಲಿ ಕೇಳುವುದೇ ಬೇಡ. ಹದಿಮೂರು ಹದಿನಾಲ್ಕು ಗಂಟೆ ಇಟ್ಟುಕೊಳ್ಳಬೇಕು. ಬೀದರ್ ಇರುವುದು ಕಲ್ಯಾಣ ಕರ್ನಾಟಕ ಸಾರಿಗೆ ನಿಗಮದ ವ್ಯಾಪ್ತಿಯಲ್ಲಿ, ಕಾರವಾರ ವಾಯವ್ಯ ನಿಗಮದ್ದು. ಹುಬ್ಬಳ್ಳಿಯಲ್ಲಿ ಬಸ್ಸು ಬದಲಿಸುವ ಲೆಕ್ಕದಲ್ಲೇ ಹೊರಡುವುದು ಜಾಣತನ.

ರೈಲಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಬೀದರ್–ಕಲಬುರಗಿ ಮಾರ್ಗ 2017ರಲ್ಲಿ ತೆರೆಯಿತು, ಹುಬ್ಬಳ್ಳಿ–ಅಂಕೋಲಾ ಮಾರ್ಗ ಕಾಲು ಶತಮಾನದಿಂದ ಕಾಡಿನ ಅನುಮತಿಯ ಜಗ್ಗಾಟದಲ್ಲಿದೆ. ಹಾಗಾಗಿ ಹುಬ್ಬಳ್ಳಿವರೆಗೆ ಬಂದ ರೈಲು ಪ್ರಯಾಣಿಕರು ಲೋಂಡಾ, ಕ್ಯಾಸಲ್‌ರಾಕ್ ಮೇಲೆ ಗೋವಾಕ್ಕಿಳಿದು ಮಡಗಾಂವ್‌ನಿಂದ ಕೊಂಕಣ ರೈಲು ಹಿಡಿದು ಹಿಂದೆ ಬರಬೇಕು.

ಲಾಭ ನಷ್ಟ ತೂಗಿ ನೋಡಿ. ವಿಮಾನದಿಂದ ಉಳಿಯುವುದು ನಾಲ್ಕೈದು ಗಂಟೆ, ಅದಕ್ಕೆ ತೆರಬೇಕಾದ್ದು ಬಸ್ಸಿನ ಹಲವು ಪಟ್ಟು ಹಣ ಮತ್ತು ಒಂದಿಡೀ ಹಗಲು. ರಾತ್ರಿ ಬಸ್ಸಿನವರು ಮಲಗಿದಲ್ಲೇ ಹುಬ್ಬಳ್ಳಿ ತಲುಪಿ, ಅಲ್ಲಿ ಮುಖ ತೊಳೆದು ತಿಂಡಿ ತಿಂದು, ಮಧ್ಯಾಹ್ನದ ಊಟದ ಹೊತ್ತಿಗೆ ಕಾರವಾರದಲ್ಲಿರುತ್ತಾರೆ. ವಯಸ್ಸಾದವರು, ಸೊಂಟನೋವಿನವರು, ಆಸ್ಪತ್ರೆಯ ತುರ್ತಿನವರು ಹೈದರಾಬಾದ್ ದಾರಿ ಹಿಡಿಯಲಿ. ಉಳಿದವರಿಗೆ ಈ ಜೋಡಿ ಊರುಗಳ ನಡುವೆ ವಿಮಾನ ಸದ್ಯಕ್ಕೆ ಲಾಭದ ಬಾಬತ್ತಲ್ಲ.

ವಿಮಾನವೇ ಬೇಕೆನ್ನುವವರಿಗೆ ಎರಡು ಮಾತು. ಬೀದರ್‌ನಂಥ ಊರಿನ ಸೇವೆ ನಿಲ್ಲುವುದೂ ಶುರುವಾಗುವುದೂ ಇದ್ದದ್ದೇ, ಆದ್ದರಿಂದ ಹಳೆಯ ವೇಳಾಪಟ್ಟಿ ನಂಬದೆ ಹೋಗುವ ದಿನದ ವಿಮಾನ ಇದೆಯೇ ಎಂದು ಮೊದಲು ಖಚಿತಪಡಿಸಿಕೊಳ್ಳಿ. ಎರಡು ಹಾರಾಟವಿದ್ದರೆ ಸಾಧ್ಯವಾದ ಮಟ್ಟಿಗೆ ಎರಡೂ ಒಂದೇ ಟಿಕೆಟಿನಲ್ಲಿರಲಿ. ಬೇರೆ ಬೇರೆಯಾಗಿ ಕೊಂಡಿದ್ದು ಮೊದಲನೆಯ ವಿಮಾನ ತಡವಾಗಿ ಎರಡನೆಯದು ತಪ್ಪಿದರೆ, ಎರಡನೆಯ ಕಂಪನಿಗೆ ಅದರ ಹೊಣೆಯಿಲ್ಲ. ಆ ಟಿಕೆಟಿನ ಹಣ ಹೋದಂತೆಯೇ.